ನೀಮೋ ಅಲ್ರೀ, ಕ್ಲೌನ್ ಮೀನು: ನಮ್ಮ ಪಡಸಾಲೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ 120 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಎರಡು ಮೀನು. ಪೇಪರ್ ಬಿಲ್ಲಿಗೆ ಬರುವ ಹುಡುಗನಿಂದ ಹಿಡಿದು ಲಗ್ನಪತ್ರಿಕೆ ಕೊಡಲು ಬರುವ ಬೀಗರವರೆಗೆ ಎಲ್ಲರೂ ಕೈಯಲ್ಲಿನ ಚಹಾ ಆರುವತನಕ ಅದರ ಮುಂದೆ ನಿಲ್ಲುತ್ತಾರೆ. ಕೇಳುವ ಪ್ರಶ್ನೆಗಳೂ ಅವೇ. ಏಳು ವರ್ಷದಿಂದ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆ. ಒಮ್ಮೆ ಬರೆದಿಟ್ಟರೆ ಗಂಟಲಿಗಾದರೂ ಆರಾಮ ಅಂತ ಕುಳಿತಿದ್ದೇನೆ. ಪ್ರಶ್ನೆಗಳನ್ನು ಜನ ಕೇಳಿದ ಹಾಗೇ ಇಟ್ಟಿದ್ದೇನೆ.

ಇದು ನೀಮೋ ಅಲ್ವಾ?

ಹೌದು, ಮಕ್ಕಳ ಬಾಯಲ್ಲಿ ನೀಮೋ. 2003ರ ಆನಿಮೇಶನ್ ಸಿನಿಮಾದಿಂದ ಬಂದ ಹೆಸರು ಅದು. ಮೀನಿನ ಹೆಸರು ಕ್ಲೌನ್ ಮೀನು. ಕ್ಲೌನ್ ಮೀನುಗಳಲ್ಲಿ ಸುಮಾರು 30 ಜಾತಿಗಳಿವೆ. ನಮ್ಮ ಮನೆಯದು ಆಂಫಿಪ್ರಿಯಾನ್ ಒಸೆಲ್ಲಾರಿಸ್. ಇದನ್ನೇ ಹೋಲುವ ಇನ್ನೊಂದು ಇದೆ, ಪರ್ಕ್ಯುಲಾ ಅಂತ. ಅದಕ್ಕೆ 1802ರಲ್ಲಿ ಹೆಸರು ಬಿತ್ತು, ಒಸೆಲ್ಲಾರಿಸ್‌ಗೆ 1830ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಂಗಡಿಯವರೂ ತಡವರಿಸುತ್ತಾರೆ. ಬೆನ್ನಿನ ರೆಕ್ಕೆಯ ಮುಳ್ಳು ಎಣಿಸಬೇಕು. ಒಸೆಲ್ಲಾರಿಸ್‌ಗೆ ಸಾಮಾನ್ಯವಾಗಿ 11, ಪರ್ಕ್ಯುಲಾಗೆ 10. ಈಜುತ್ತಿರುವ ಮೀನಿನ ಮುಳ್ಳು ಎಣಿಸಿ ನೋಡಿ, ಆಮೇಲೆ ನನಗೆ ಹೇಳಿ.

ನಮ್ಮ ಕಾರವಾರ, ಮುರ್ಡೇಶ್ವರದ ಕಡೆ ಸಿಗುತ್ತದಾ?

ಮೀನುಪೇಟೆಯಲ್ಲಿ ಹುಡುಕಬೇಡಿ. ಇದು ಹವಳದ ದಿಬ್ಬದ ಮೀನು. ಬೆಚ್ಚಗಿನ, ತಿಳಿಯಾದ, ಆಳ ಕಡಿಮೆ ಇರುವ ನೀರು ಬೇಕು. ನಮ್ಮ ದೇಶದಲ್ಲಿ ದೊಡ್ಡ ಹವಳದ ದಿಬ್ಬಗಳಿರುವುದು ನಾಲ್ಕು ಕಡೆ: ಅಂಡಮಾನ್ ನಿಕೋಬಾರ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಕಚ್ ಕೊಲ್ಲಿ. ಒಸೆಲ್ಲಾರಿಸ್‌ನ್ನೇ ನೋಡಬೇಕು ಅಂದರೆ ಅಂಡಮಾನಿಗೆ ಹೋಗಬೇಕು. ಲಕ್ಷದ್ವೀಪದಲ್ಲಿ ಇದರ ದಾಯಾದಿಗಳಿವೆ.

ನಮಗೆ ಹತ್ತಿರದ ಹವಳ ಅಂದರೆ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ನೇತ್ರಾಣಿ ದ್ವೀಪ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಹೋದರೆ ಸಂಜೆಗೆ ಮುರ್ಡೇಶ್ವರ, ಮರುದಿನ ಬೆಳಿಗ್ಗೆ ಬೋಟು. ಮಳೆಗಾಲದಲ್ಲಿ ಬೋಟು ಹೋಗುವುದಿಲ್ಲ. ಬಣ್ಣಬಣ್ಣದ ಬೇರೆ ಮೀನುಗಳನ್ನು ನೀರಿನೊಳಗೇ ನೋಡಬಹುದು. ಒಮ್ಮೆ ಹೋಗಿ ಬನ್ನಿ, ಗಾಜಿನ ಪೆಟ್ಟಿಗೆ ನೋಡಿ ‘ಎಷ್ಟು ಚೆಂದ’ ಅನ್ನುವುದು ಅರ್ಧ ಕಡಿಮೆಯಾಗುತ್ತದೆ.

ಫೋಟೋದಲ್ಲಿ ಇದು ಒಂದು ಗಿಡದೊಳಗೆ ಕುಳಿತಿರುತ್ತದಲ್ಲ, ಅದೇನು?

ಗಿಡ ಅಲ್ಲ, ಪ್ರಾಣಿ. ಅನಿಮೋನ್ ಅಂತಾರೆ, ಕೆಲವರು ಕಡಲ ಹೂವು ಅನ್ನುತ್ತಾರೆ. ಬುಡ ಕಲ್ಲಿಗೆ ಅಂಟಿಕೊಂಡಿರುತ್ತದೆ, ಮೇಲೆ ನೂರಾರು ಬೆರಳುಗಳು ಅಲ್ಲಾಡುತ್ತಿರುತ್ತವೆ. ಒಂದೊಂದು ಬೆರಳಿನ ಮೈತುಂಬ ಸೂಕ್ಷ್ಮವಾದ ವಿಷದ ಮೊಳೆಗಳು. ಮುಟ್ಟಿದ ಕೂಡಲೇ ಚಿಮ್ಮುತ್ತವೆ. ಸಣ್ಣ ಮೀನು ತಾಗಿದರೆ ಅಲ್ಲೇ ಸೆಟೆದುಕೊಂಡು ಊಟವಾಗುತ್ತದೆ. ನಮ್ಮ ತುರಚಿ ಸೊಪ್ಪು ನೆನಪಿಸಿಕೊಳ್ಳಿ. ಆದರೆ ಇದು ಬಾಯಿ ಇರುವ ತುರಚಿ!

ಜಗತ್ತಿನಲ್ಲಿ ಅನಿಮೋನ್ ಜಾತಿಗಳು ಸಾವಿರಕ್ಕೂ ಜಾಸ್ತಿ. ಅದರಲ್ಲಿ ಕ್ಲೌನ್ ಮೀನುಗಳು ಸಂಸಾರ ಹೂಡುವುದು ಸುಮಾರು ಹತ್ತರಲ್ಲಿ ಮಾತ್ರ. ಒಸೆಲ್ಲಾರಿಸ್ ಇನ್ನೂ ಚೌಕಾಸಿ ಮಾಡುತ್ತದೆ, ಅದಕ್ಕೆ ಮೂರೇ ಜಾತಿ ಒಪ್ಪಿಗೆ.

ಹಾಗಾದರೆ ಇದಕ್ಕೆ ಯಾಕೆ ಚುಚ್ಚುವುದಿಲ್ಲ?

ಗುಟ್ಟು ಇದರ ಮೈಮೇಲಿನ ಲೋಳೆಯಲ್ಲಿದೆ. ಉಳಿದ ಮೀನುಗಳ ಲೋಳೆಯಲ್ಲಿ ಅನಿಮೋನ್‌ನ ಮೊಳೆಗಳನ್ನು ಕೆರಳಿಸುವ ಒಂದು ಸಕ್ಕರೆಯ ಅಂಶ ಇರುತ್ತದೆ. ಕ್ಲೌನ್ ಮೀನಿನಲ್ಲಿ ಅದು ಬಹಳ ಕಡಿಮೆ. ಹಾಗಾಗಿ ಅನಿಮೋನ್‌ಗೆ ಇದು ಊಟ ಅಂತ ಗೊತ್ತಾಗುವುದಿಲ್ಲ. ಆದರೂ ಹೊಸ ಮೀನು ಒಮ್ಮೆಲೇ ನುಗ್ಗುವುದಿಲ್ಲ. ಮೊದಲು ಬಾಲ ತಾಗಿಸುತ್ತದೆ, ಹಿಂದೆ ಸರಿಯುತ್ತದೆ. ಆಮೇಲೆ ಹೊಟ್ಟೆ ಉಜ್ಜುತ್ತದೆ. ಹೊಸ ಸೊಸೆ ಅಡುಗೆ ಮನೆಗೆ ಕಾಲಿಡುವ ಹಾಗೆ. ಕೆಲವು ಗಂಟೆ ಹಿಡಿಯಬಹುದು. ಆಮೇಲೆ ಆ ಮನೆ ಅದರದ್ದೇ.

ಅನಿಮೋನ್‌ಗೆ ಏನು ಲಾಭ?

ಬಾಡಿಗೆ ಬರುತ್ತದೆ. ಅನಿಮೋನ್‌ನ ಮೈಯೊಳಗೆ ಸಣ್ಣ ಪಾಚಿ ಇರುತ್ತದೆ. ಅದು ಬಿಸಿಲಿನಿಂದ ಆಹಾರ ಮಾಡಿ ಅನಿಮೋನ್‌ಗೆ ಕೊಡುತ್ತದೆ. ಮೀನು ಹೊರಹಾಕುವ ಅಮೋನಿಯಾ ಆ ಪಾಚಿಗೆ ಗೊಬ್ಬರ. ನಮ್ಮ ತಿಪ್ಪೆ ಗೊಬ್ಬರದ ಲೆಕ್ಕವೇ. ಜೊತೆಗೆ, ಅನಿಮೋನ್‌ನ ಬೆರಳು ಕಚ್ಚಲು ಬರುವ ಚಿಟ್ಟೆಮೀನುಗಳನ್ನು ಇದು ಓಡಿಸುತ್ತದೆ. ರಾತ್ರಿ ಬೆರಳುಗಳ ನಡುವೆ ಮಲಗಿದಾಗಲೂ ಮೈ ಅಲ್ಲಾಡಿಸುತ್ತಿರುತ್ತದೆ. ಅದರಿಂದ ನೀರು ಕದಲಿ ಇಬ್ಬರಿಗೂ ಗಾಳಿ ಸಿಗುತ್ತದೆ.

ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು?

ದೊಡ್ಡದು ಹೆಣ್ಣು. ಅಷ್ಟೇ. ಬಣ್ಣ ನೋಡಿ ಹೇಳಲು ಬರುವುದಿಲ್ಲ.

ಆದರೆ ವಿಷಯ ಇಷ್ಟಕ್ಕೆ ಮುಗಿಯುವುದಿಲ್ಲ. ಒಂದು ಅನಿಮೋನ್‌ನಲ್ಲಿ ಎರಡರಿಂದ ಆರು ಮೀನು ಇರಬಹುದು. ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅವಳೇ ಯಜಮಾನ್ತಿ. ಎರಡನೆಯದು ಅವಳ ಗಂಡ. ಉಳಿದವು ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನುವ ಸ್ಥಿತಿಯಲ್ಲಿ ಸರದಿಗೆ ಕಾಯುತ್ತಿರುತ್ತವೆ. ಸರದಿ ಎಷ್ಟು ಕಟ್ಟುನಿಟ್ಟು ಅಂದರೆ, ಪ್ರತಿ ಮೀನೂ ತನ್ನ ಮೇಲಿನದಕ್ಕಿಂತ ಸಣ್ಣದಾಗಿಯೇ ಉಳಿಯುವಂತೆ ಬೆಳವಣಿಗೆಯನ್ನು ತಡೆದುಕೊಳ್ಳುತ್ತದೆ. ಮೇಲಿನದರ ಅಳತೆಗೆ ಬಂದರೆ ಕಚ್ಚಿ ಹೊರಗೆ ಹಾಕುತ್ತಾರೆ. ಅನಿಮೋನ್‌ನಿಂದ ಹೊರಗೆ ಬಿದ್ದ ಕ್ಲೌನ್ ಮೀನು ಕಡಲಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಇನ್ನೊಂದು ಮಾತು. ಆ ಸಣ್ಣವು ಇವರ ಮಕ್ಕಳಲ್ಲ. ಇವರ ಮಕ್ಕಳು ಹುಟ್ಟಿದ ರಾತ್ರಿಯೇ ನೀರಿನ ಪಾಲಾಗಿ ಹೋಗಿರುತ್ತಾರೆ. ಮನೆಯಲ್ಲಿರುವವರು ಬೇರೆ ಯಾರದೋ ಮಕ್ಕಳು, ಜಾಗ ಹುಡುಕಿಕೊಂಡು ಬಂದವರು.

ಗಂಡು ಮೀನು ಹೆಣ್ಣಾಗುತ್ತದೆ ಅಂತ ಹೇಳ್ತೀರಲ್ಲ, ಸುಮ್ನೆ ಹೇಳೋದಾ, ಖರೇನಾ?

ಖರೇನೇ. ನಮ್ಮ ಮನೆಯಲ್ಲೇ ಆಗಿದೆ.

ಮೊದಲು ತಂದ ಜೋಡಿಗೆ ನಮ್ಮ ಅವ್ವ ಗೌಡ್ತಿ, ಗೌಡ ಅಂತ ಹೆಸರಿಟ್ಟಿದ್ದರು. ಗೌಡ್ತಿ ಮೂರು ಇಂಚು ಮೀರಿದ್ದಳು, ಗೌಡ ಎರಡು ಇಂಚು. ಗೌಡ್ತಿ ಎರಡು ಸಲ ಮೊಟ್ಟೆ ಇಟ್ಟಿದ್ದಳು, ಗೌಡ ಕಾಯ್ದಿದ್ದ. ಮೊಟ್ಟೆ ಒಡೆಯಲಿಲ್ಲ, ಆ ಕಥೆ ಕೆಳಗೆ ಬರುತ್ತದೆ. ಮೂರನೇ ವರ್ಷದ ಮೇ ತಿಂಗಳಲ್ಲಿ ನಾವು ಹಾವೇರಿ ಕಡೆ ಒಂದು ಲಗ್ನಕ್ಕೆ ಹೋದೆವು. ಸಂಜೆ ಗಾಳಿಮಳೆಗೆ ಹೋದ ಕರೆಂಟ್ ಬಂದಿದ್ದು ಮರುದಿನ ಬೆಳಿಗ್ಗೆ. ಮನೆಯಲ್ಲಿ ಇನ್ವರ್ಟರ್ ಇದೆ. ಫ್ಯಾನಿಗೆ, ಲೈಟಿಗೆ, ಟಿವಿಗೆ ಅದರ ಲೈನು ಇತ್ತು. ಟ್ಯಾಂಕಿನ ಪ್ಲಗ್ಗಿಗೆ ಎಳೆಸಿರಲಿಲ್ಲ. ನನ್ನದೇ ತಪ್ಪು. ಪಂಪು ನಿಂತರೆ ನೀರಿನಲ್ಲಿ ಗಾಳಿ ಕಡಿಮೆಯಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಮೊದಲೇ ಕಡಿಮೆ. ದೊಡ್ಡ ಮೈಗೆ ಗಾಳಿ ಜಾಸ್ತಿ ಬೇಕು. ಬಂದು ನೋಡಿದರೆ ಗೌಡ್ತಿ ತಳದಲ್ಲಿದ್ದಳು. ಗೌಡ ಮೇಲ್ಗಡೆ ಬಾಯಿ ಬಿಡುತ್ತಾ ಹೇಗೋ ಉಳಿದಿದ್ದ.

ಮೊದಲ ವಾರ ಅವನು ಊಟ ಬಿಟ್ಟು ಮೂಲೆ ಸೇರಿದ. ಆಮೇಲೆ ನಡವಳಿಕೆ ಬದಲಾಯಿತು. ಗೌಡ್ತಿಯ ಜಾಗದಲ್ಲಿ ಮಲಗತೊಡಗಿದ. ನನ್ನ ಕೈ ಕಚ್ಚತೊಡಗಿದ, ಅದೂ ಅವಳ ಕೆಲಸವಾಗಿತ್ತು. ಎಷ್ಟೋ ವರ್ಷ ತಡೆದಿದ್ದ ಬೆಳವಣಿಗೆ ಮತ್ತೆ ಶುರುವಾಯಿತು. ದಸರಾ ಹೊತ್ತಿಗೆ ಒಂದು ಸಣ್ಣ ಮರಿ ತಂದು ಬಿಟ್ಟೆ. ಹಳೆಯ ಗೌಡ ಅದನ್ನು ಎರಡು ದಿನ ಅಟ್ಟಾಡಿಸಿದ, ಆಮೇಲೆ ಒಪ್ಪಿಕೊಂಡ. ಹೋದ ವರ್ಷ ಮೊಟ್ಟೆ ಬಂತು. ಇಟ್ಟಿದ್ದು ನಮ್ಮ ಹಳೆಯ ಗೌಡ. ಒಂದು ಕಾಲಕ್ಕೆ ಅಪ್ಪನಾಗಿ ಮೊಟ್ಟೆ ಕಾಯ್ದ ಮೀನೇ ಈಗ ಅವ್ವನಾಗಿ ಮೊಟ್ಟೆ ಇಟ್ಟಿದೆ. ನಮ್ಮ ಅವ್ವ ಒಂದು ಕ್ಷಣ ಯೋಚಿಸಿ, ‘ಹಂಗಾದ್ರ ಇವನೇ ಇನ್ನ ಗೌಡ್ತಿ’ ಅಂದರು. ಹೊಸ ಸಣ್ಣದು ಗೌಡ. ಪದವಿ ಹಳೆಯದು, ಕುಳಿತವರು ಬೇರೆ.

ಕಡಲಲ್ಲೂ ಹೀಗೇ. ಹೆಣ್ಣು ಸತ್ತರೆ ಗಂಡು ಹೆಣ್ಣಾಗುತ್ತದೆ, ಸರದಿಯಲ್ಲಿ ಮುಂದಿನದು ಗಂಡಾಗುತ್ತದೆ. ಹಾನ್ಸ್ ಫ್ರಿಕೆ ಮತ್ತು ಸಿಮೋನ್ ಫ್ರಿಕೆ ಎಂಬ ವಿಜ್ಞಾನಿಗಳು 1977ರಲ್ಲೇ ಇದನ್ನು ಬರೆದರು. ನಡವಳಿಕೆ ಬೇಗ ಬದಲಾಗುತ್ತದೆ, ಒಳಗಿನ ಅಂಗಗಳು ಪೂರ್ತಿ ಬದಲಾಗಲು ತಿಂಗಳುಗಳೇ ಬೇಕು. ಹೆಣ್ಣಾದ ಮೇಲೆ ಮತ್ತೆ ಗಂಡಾಗುವುದಿಲ್ಲ. ಆ ಸಿನಿಮಾದಲ್ಲಿ ತಾಯಿ ಸತ್ತ ಮೇಲೆ ತಂದೆ ಮಗನನ್ನು ಹುಡುಕುತ್ತಾನಲ್ಲ. ನಿಜವಾದ ಕಡಲಲ್ಲಾಗಿದ್ದರೆ ಆ ತಂದೆ ಅಷ್ಟು ಹೊತ್ತಿಗೆ ತಾಯಿಯಾಗುವ ದಾರಿ ಹಿಡಿದಿರುತ್ತಿದ್ದ. ಇದನ್ನು ಮಕ್ಕಳ ಮುಂದೆ ಹೇಳಿದಾಗಲೆಲ್ಲ ಅವರ ಅಪ್ಪಂದಿರು ಚಹಾ ಕಪ್ಪು ಕೆಳಗಿಟ್ಟು ಬೇರೆ ಮಾತು ತೆಗೆಯುತ್ತಾರೆ.

ಸಣ್ಣದು ನಡುಗುತ್ತಿದೆಯಲ್ಲ, ಜ್ವರ ಬಂದಿದೆಯಾ?

ಇಲ್ಲ. ಅದು ನಮಸ್ಕಾರ. ದೊಡ್ಡದು ಹತ್ತಿರ ಬಂದಾಗ ಸಣ್ಣದು ಒಂದು ಪಕ್ಕಕ್ಕೆ ವಾಲಿ ಮೈಯೆಲ್ಲ ನಡುಗಿಸುತ್ತದೆ. ‘ನೀನೇ ದೊಡ್ಡವಳು, ನಾನು ಸಣ್ಣವನು’ ಅಂತ ಅರ್ಥ. ಮಾಡದಿದ್ದರೆ ಏಟು ಬೀಳುತ್ತದೆ.

ಇವು ಸದ್ದು ಮಾಡುತ್ತವಾ?

ಮಾಡುತ್ತವೆ. ಜಗಳದ ಹೊತ್ತಿಗೆ ಟಕ್ ಟಕ್ ಅಂತ. ಬಾಯನ್ನು ಫಟ್ಟನೆ ಮುಚ್ಚಿ ಹಲ್ಲಿಗೆ ಹಲ್ಲು ಬಡಿಯುವುದರಿಂದ ಬರುವ ಸದ್ದು ಅಂತ ಬೆಲ್ಜಿಯಂ ಸಂಶೋಧಕರು 2007ರಲ್ಲಿ ತೋರಿಸಿದರು. ನಮ್ಮ ಮನೆಯಲ್ಲಿ ರಾತ್ರಿ ಟಿವಿ ಬಂದ್ ಆದ ಮೇಲೆ ಗಾಜಿಗೆ ಕಿವಿ ಇಟ್ಟರೆ ಕೇಳುತ್ತದೆ. ನನ್ನ ಹೆಂಡತಿ ಮಾತ್ರ ಅದು ಫಿಲ್ಟರ್ ಸದ್ದು ಅಂತ ವಾದ ಮಾಡುತ್ತಾಳೆ.

ಬಿಳಿ ಪಟ್ಟೆ ಮೂರು ಇದೆ. ಯಾಕೆ?

ಹುಟ್ಟಿದಾಗ ಒಂದೂ ಇರುವುದಿಲ್ಲ. ಮೊದಲು ತಲೆಯ ಪಟ್ಟೆ ಮೂಡುತ್ತದೆ, ಆಮೇಲೆ ನಡುವಿನದು, ಕೊನೆಗೆ ಬಾಲದ್ದು. ಪಟ್ಟೆ ಯಾವಾಗ ಮೂಡಬೇಕು ಅನ್ನುವುದನ್ನು ಥೈರಾಯ್ಡ್ ಹಾರ್ಮೋನು ನಡೆಸುತ್ತದೆ. ನಮ್ಮಲ್ಲಿ ಮನೆಗೊಬ್ಬರು ಬೆಳಿಗ್ಗೆ ಥೈರಾಯ್ಡ್ ಗುಳಿಗೆ ನುಂಗುತ್ತಾರಲ್ಲ, ಅದೇ ಹಾರ್ಮೋನು. ಪಾಪುವಾ ನ್ಯೂಗಿನಿಯಲ್ಲಿ ನೋಡಿದ ಪ್ರಕಾರ, ಒಂದು ಜಾತಿಯ ಅನಿಮೋನ್‌ನಲ್ಲಿ ನೆಲೆಸಿದ ಮರಿಗಳಿಗೆ ಪಟ್ಟೆ ಬೇಗ ಬರುತ್ತವೆ, ಇನ್ನೊಂದರಲ್ಲಿ ನಿಧಾನ. ಮನೆ ಯಾವುದು ಅನ್ನುವುದರ ಮೇಲೆ ಮೈಬಣ್ಣ!

ಪಟ್ಟೆ ನೋಡಿ ಇವು ತಮ್ಮವರನ್ನು ಗುರುತಿಸುತ್ತವೆ. ಜಪಾನಿನ ಓಕಿನಾವಾದಲ್ಲಿ ಮಾಡಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಒಸೆಲ್ಲಾರಿಸ್ ಮರಿಗಳ ಮುಂದೆ ಬೇರೆ ಬೇರೆ ಪಟ್ಟೆಯ ಮೀನುಗಳನ್ನು, ಬಣ್ಣ ಬಳಿದ ಬೊಂಬೆಗಳನ್ನು ಇಟ್ಟು ನೋಡಿದರು. ಮೂರು ಪಟ್ಟೆಯದರ ಮೇಲೆ ಹೆಚ್ಚು ಸಿಟ್ಟು. ಒಂದು ಪಟ್ಟೆಯದನ್ನು, ಪಟ್ಟೆ ಇಲ್ಲದ್ದನ್ನು ಅಷ್ಟಾಗಿ ಲೆಕ್ಕಕ್ಕೆ ಇಡಲಿಲ್ಲ. ಮನೆಗೆ ಪಾಲು ಕೇಳಲು ಬರುವವರು ದಾಯಾದಿಗಳೇ ತಾನೆ.

ಕಾಕಾ, ಇದನ್ನ ಉಣಕಲ್ ಕೆರೆಗೆ ಬಿಟ್ಟರೆ ಬದುಕುತ್ತದಾ?

ಹುಬ್ಬಳ್ಳಿಯಿಂದ ಬಂದ ಎಂಟು ವರ್ಷದ ಹುಡುಗ ಕೇಳಿದ್ದು. ಒಳ್ಳೆಯ ಪ್ರಶ್ನೆ. ಬದುಕುವುದಿಲ್ಲ ಮರಿ, ಕೆಲವೇ ಹೊತ್ತು.

ಉಪ್ಪಿನಕಾಯಿಗೆ ಮಾವಿನಕಾಯಿ ಹೋಳಿಗೆ ಉಪ್ಪು ಸವರಿ ಇಟ್ಟರೆ ಹೋಳು ನೀರು ಬಿಡುತ್ತದಲ್ಲ? ಕಡಲ ಮೀನಿಗೂ ಹಾಗೇ. ಸುತ್ತಲಿನ ಉಪ್ಪು ಮೈಯ ನೀರನ್ನು ಎಳೆಯುತ್ತಲೇ ಇರುತ್ತದೆ. ಅದಕ್ಕೆ ಅದು ಕಡಲ ನೀರನ್ನು ಕುಡಿಯುತ್ತಾ ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತಾ ಇರುತ್ತದೆ. ಮೈಯ ಯಂತ್ರವೆಲ್ಲ ಆ ಕಡೆಗೆ ತಿರುಗಿಸಿ ಕೂಡಿಸಿದ್ದು. ಸಿಹಿನೀರಿಗೆ ಹಾಕಿದರೆ ಉಲ್ಟಾ. ನೀರು ಒಳಗೆ ನುಗ್ಗುತ್ತದೆ. ಒಣದ್ರಾಕ್ಷಿ ನೆನೆಹಾಕಿದರೆ ಉಬ್ಬುವ ಹಾಗೆ. ಉಣಕಲ್ ಕೆರೆಯ ಮೀನನ್ನು ಈ ಟ್ಯಾಂಕಿಗೆ ಬಿಟ್ಟರೂ ಅದೇ ಗತಿ, ಅದು ಒಣಗಿ ಸಾಯುತ್ತದೆ, ನೀರಿನಲ್ಲೇ.

ಗೋಲ್ಡ್ ಫಿಶ್ ಜೊತೆ ಇಡಬಹುದಾ?

ಮೇಲಿನ ಉತ್ತರ ಓದಿ.

ಅಡುಗೆ ಉಪ್ಪು ಕಲಸಿದರೆ ಸಾಲದಾ?

ಸಾಲದು. ಕಡಲ ನೀರಿನಲ್ಲಿ ಅಡುಗೆ ಉಪ್ಪಿನ ಜೊತೆ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಮುಂತಾದವು ಇವೆ. ಅದಕ್ಕೆಂದೇ ತಯಾರಿಸಿದ ಸಮುದ್ರದ ಉಪ್ಪು ಸಿಗುತ್ತದೆ. ಒಂದು ಲೀಟರಿಗೆ ಸುಮಾರು 35 ಗ್ರಾಂ. ನಮ್ಮ ಟ್ಯಾಂಕಿಗೆ ಮೊದಲ ಸಲ ನಾಲ್ಕು ಕಿಲೋ ಮೇಲೆ ಹಿಡಿಯಿತು. ಪ್ರತಿ ವಾರ 15 ಲೀಟರ್ ನೀರು ಬದಲಿಸುತ್ತೇನೆ, ಅದಕ್ಕೆ ಅರ್ಧ ಕಿಲೋ ಚಿಲ್ಲರೆ. ಉಪ್ಪಿನ ಪ್ರಮಾಣ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಒಂದು ಹನಿ ಹಾಕಿ ನೋಡಿದರೆ 1.025ರ ಸುತ್ತ ಇರಬೇಕು.

ಎಲ್ಲರೂ ಮಾಡುವ ತಪ್ಪು ಇಲ್ಲಿದೆ. ನೀರು ಆವಿಯಾಗಿ ಕಡಿಮೆಯಾದಾಗ ಉಪ್ಪುನೀರು ಸುರಿಯುತ್ತಾರೆ. ಆವಿಯಾಗಿದ್ದು ನೀರು ಮಾತ್ರ, ಉಪ್ಪು ಅಲ್ಲೇ ಕುಳಿತಿದೆ. ಸಿಹಿನೀರನ್ನೇ ಹಾಕಬೇಕು.

ನಳದ ನೀರು ನಡೆಯುತ್ತದಾ?

ನಾನು ಹಾಕುವುದಿಲ್ಲ. ಮಲಪ್ರಭೆಯ ನೀರಾದರೂ, ನೀರಸಾಗರದ್ದಾದರೂ ನಮ್ಮ ಮನೆಗೆ ಮುಟ್ಟುವಾಗ ಕ್ಲೋರಿನ್ ಇರುತ್ತದೆ. ಅದು ಮೀನಿಗೆ ವಿಷ. ಬೋರಿನ ನೀರು ಇನ್ನೂ ಗಡಸು. ಆರ್‌ಓ ನೀರಿಗೇ ಉಪ್ಪು ಕಲಸುತ್ತೇನೆ. ನಳ ಬರುವ ದಿನ ಮನೆಯಲ್ಲಿ ಎಲ್ಲರೂ ಬಿಂದಿಗೆ, ಬಕೆಟ್ ತುಂಬುವಾಗ ನಾನು ಮೀನಿನ ಕ್ಯಾನ್ ಹಿಡಿದು ಕೊನೆಗೆ ನಿಲ್ಲುತ್ತೇನೆ. ಮನೆಯಲ್ಲೂ ಸರದಿ ಇದೆ.

ನಮ್ಮ ಹುಬ್ಬಳ್ಳಿ ಬಿಸಿಲಿಗೆ ತಡೆಯುತ್ತದಾ?

ಏಪ್ರಿಲ್, ಮೇನಲ್ಲಿ ಕಷ್ಟ. ಇದಕ್ಕೆ ನೀರು 24ರಿಂದ 27 ಡಿಗ್ರಿ ಇದ್ದರೆ ಚೆನ್ನ. ಹೊರಗೆ 38 ಇರುವಾಗ ಟ್ಯಾಂಕ್ ಸುಮ್ಮನೆ 31, 32ಕ್ಕೆ ಏರಿಬಿಡುತ್ತದೆ. ಅಂಗಡಿಯವರು ನೀರು ತಂಪು ಮಾಡುವ ಚಿಲ್ಲರ್ ತೆಗೆದುಕೊಳ್ಳಿ ಅನ್ನುತ್ತಾರೆ. ಅದಕ್ಕೆ ದುಡ್ಡು ಕೊಡಲು ನನಗೆ ಮನಸ್ಸಾಗಲಿಲ್ಲ. ಮುಚ್ಚಳ ತೆಗೆದು ನೀರಿನ ಮೇಲೆ ಅಡ್ಡವಾಗಿ ಸಣ್ಣ ಫ್ಯಾನ್ ಬಿಡುತ್ತೇನೆ. ನಮ್ಮ ಕಡೆ ಬೇಸಿಗೆಯ ಗಾಳಿ ಒಣದು, ಆವಿ ಬೇಗ ಏಳುತ್ತದೆ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಹೀಗೇ. ಮೀನು ಹಾರಿ ಹೊರಗೆ ಬೀಳದಂತೆ ಮೇಲೆ ಸೊಳ್ಳೆ ಜಾಲರಿ ಹಾಕಿ. ಧಾರವಾಡದ ಚಳಿಗಾಲದ ರಾತ್ರಿಗೆ ಹೀಟರ್ ಬೇಕೇ ಬೇಕು.

ಕರೆಂಟಿನ ಪಾಠ ಗೌಡ್ತಿ ಕಲಿಸಿ ಹೋದಳು. ಈಗ ಇನ್ವರ್ಟರ್ ಲೈನ್ ಮೊದಲು ಟ್ಯಾಂಕಿಗೆ, ಆಮೇಲೆ ಟಿವಿಗೆ. ಜೊತೆಗೆ ಬ್ಯಾಟರಿಯ ಒಂದು ಏರ್ ಪಂಪ್.

ಏನು ತಿನ್ನುತ್ತದೆ? ಚುರುಮುರಿ ಹಾಕ್ಲಾ?

ಬೇಡ. ಕೆರೆಯ ಮೀನಿಗೆ ಹಾಕಿದ ಹಾಗೆ ಚುರುಮುರಿ, ಬ್ರೆಡ್ ಇಲ್ಲಿ ಹಾಕಿದರೆ ನೀರು ಕೆಡುತ್ತದೆ. ಒಮ್ಮೆ ಒಬ್ಬ ಹಿರಿಯರು ಪ್ರೀತಿಯಿಂದ ಗಿರಮಿಟ್‌ನ ನಾಲ್ಕು ಕಾಳು ಹಾಕಿದ್ದರು, ಮೆಣಸಿನಕಾಯಿ ಸಮೇತ. ಅರ್ಧ ನೀರು ಬದಲಿಸಬೇಕಾಯಿತು.

ಕಡಲಲ್ಲಿ ಇದು ನೀರಿನಲ್ಲಿ ತೇಲಿ ಬರುವ ಸೂಕ್ಷ್ಮ ಜೀವಿಗಳನ್ನು, ಸ್ವಲ್ಪ ಪಾಚಿಯನ್ನು ತಿನ್ನುತ್ತದೆ. ಮನೆಯಲ್ಲಿ ಸಣ್ಣ ಕಾಳಿನ ಮೀನಾಹಾರ, ವಾರಕ್ಕೆರಡು ಸಲ ಫ್ರೀಜ್ ಮಾಡಿದ ಆರ್ಟೀಮಿಯಾ ಎಂಬ ಸಣ್ಣ ಸೀಗಡಿ. ನಮ್ಮದು ಮೀನು, ಮಾಂಸ ತಿನ್ನದ ಮನೆ. ಫ್ರೀಜರಿನಲ್ಲಿ ಸೀಗಡಿ ಅಂದ ಕೂಡಲೇ ಅವ್ವ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಕೊನೆಗೆ ರಾಜಿಯಾಯಿತು. ಎರಡು ಡಬ್ಬಿ, ಒಂದರೊಳಗೊಂದು, ಮೇಲೆ ಕೆಂಪು ದಾರ. ಈಗ ನಾನು ಊರಲ್ಲಿಲ್ಲದಾಗ ಅವರೇ ಹಾಕುತ್ತಾರೆ, ಚಿಮಟಿಯಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿ.

ನಿಮ್ಮ ಟ್ಯಾಂಕಿನಲ್ಲಿ ಅನಿಮೋನೇ ಇಲ್ಲವಲ್ಲ?

ಇಲ್ಲ. ಗಾಜಿನ ಟ್ಯಾಂಕಿನಲ್ಲಿ ಓಡಿಸುವವರು, ತಿನ್ನುವವರು ಇಲ್ಲದ ಕಾರಣ ಮೀನು ಅದಿಲ್ಲದೆಯೂ ಬದುಕುತ್ತದೆ. ಅನಿಮೋನ್ ಸಾಕುವುದು ಮೀನು ಸಾಕುವುದಕ್ಕಿಂತ ಕಷ್ಟ. ಜೋರು ಬೆಳಕು ಬೇಕು, ಹಳೆಯ ಟ್ಯಾಂಕ್ ಬೇಕು. ಅದು ಸತ್ತರೆ ಒಂದೇ ರಾತ್ರಿಯಲ್ಲಿ ಟ್ಯಾಂಕೆಲ್ಲ ಹಾಳು. ನಮ್ಮವು ಅದರ ಬದಲು ಒಂದು ಮಣ್ಣಿನ ಕುಡಿಕೆಯನ್ನು ಮನೆ ಮಾಡಿಕೊಂಡಿವೆ. ಕುಂಬಾರರ ಕಡೆಯಿಂದ ತಂದ, ಬಣ್ಣ ಹಚ್ಚದ ಕುಡಿಕೆ.

ಹವಳ ತಂದು ಇಡಬಹುದಾ? ಗೋವಾದಿಂದ ತಂದುಕೊಡ್ತೀನಿ ಅಂತಾನೆ ಒಬ್ಬ.

ಬೇಡ. ನಮ್ಮ ಕಡಲ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿ ಅದು. ಸತ್ತ ಹವಳದ ತುಂಡು ಮಾರುವುದೂ ಅಪರಾಧ. ನಾನು ಕೃತಕ ಕಲ್ಲು ಇಟ್ಟಿದ್ದೇನೆ, ಎರಡು ವರ್ಷದಲ್ಲಿ ಪಾಚಿ ಹಿಡಿದು ನಿಜದ್ದೇ ಅನ್ನಿಸುತ್ತದೆ.

ಎಷ್ಟು ವರ್ಷ ಬದುಕುತ್ತದೆ?

ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಮನೆಯಲ್ಲಿ 15, 20 ವರ್ಷ ಸಾಕಿದವರಿದ್ದಾರೆ. ಪಾಪುವಾ ನ್ಯೂಗಿನಿಯ ಕಡಲಲ್ಲಿ ಹೆಣ್ಣು ಪರ್ಕ್ಯುಲಾ 30 ವರ್ಷದವರೆಗೆ ಬದುಕಬಹುದು ಅಂತ ಅಂದಾಜು ಮಾಡಿದ್ದಾರೆ. ಅಷ್ಟೇ ಗಾತ್ರದ ಬೇರೆ ಮೀನುಗಳಿಗೆ ಹೋಲಿಸಿದರೆ ಇದು ಬಹಳ. ಮುಳ್ಳಿನ ಬೇಲಿಯೊಳಗೆ ಮನೆ ಇರುವುದರ ಫಲ. ಹಾಗಾಗಿ ಹುಟ್ಟುಹಬ್ಬಕ್ಕೆ ಮಗನಿಗೆ ತರುತ್ತೀನಿ ಅನ್ನುವವರಿಗೆ ನಾನು ಕೇಳುವುದು ಒಂದೇ. ಮಗ ಎಂಜಿನಿಯರಿಂಗ್‌ಗೆ ಬೆಂಗಳೂರಿಗೆ ಹೋದ ಮೇಲೆ ವಾರವಾರ ನೀರು ಬದಲಿಸುವವರು ಯಾರು?

ಮನೆಯಲ್ಲಿ ಇಟ್ಟರೆ ಒಳ್ಳೆಯದಾಗುತ್ತದಾ? ಯಾವ ದಿಕ್ಕು?

ಬಿಸಿಲು ಬೀಳದ ದಿಕ್ಕು, ಪ್ಲಗ್ ಇರುವ ದಿಕ್ಕು.

ಕಡಲಿಂದ ಹಿಡಿದು ತಂದದ್ದಾ?

ಮೊದಲ ಜೋಡಿ ತರುವಾಗ ನಾನು ಕೇಳಲೇ ಇಲ್ಲ. ಈಗ ಕೇಳುತ್ತೇನೆ. ಕಡಲಿಂದ ಹಿಡಿದ ಮೀನು ಪ್ರಯಾಣಕ್ಕೆ ಸೊರಗಿರುತ್ತದೆ, ಮೈಮೇಲೆ ಬಿಳಿ ಲೋಳೆ ಕಟ್ಟುವ ಬ್ರೂಕ್ಲಿನೆಲ್ಲಾ ಎಂಬ ರೋಗವೂ ಜಾಸ್ತಿ. ಕೆಲವು ದೇಶಗಳಲ್ಲಿ ಹವಳದ ಮೀನುಗಳಿಗೆ ಸಯನೈಡ್ ಚಿಮುಕಿಸಿ, ಅಮಲು ಬರಿಸಿ ಹಿಡಿಯುವುದೂ ನಡೆದಿದೆ. ಕ್ಲೌನ್ ಮೀನಿನ ವಿಷಯದಲ್ಲಿ ಅದರ ಗರಜೇ ಇಲ್ಲ. ಕಡಲ ಬಣ್ಣದ ಮೀನುಗಳಲ್ಲಿ ಸಾಕಿ ಬೆಳೆಸುವುದು ಮೊದಲು ಕೈಹತ್ತಿದ್ದು ಇದರಲ್ಲೇ. ನಮ್ಮ ದೇಶದಲ್ಲೂ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕೇರಳದ ವಿಳಿಂಞಂನಲ್ಲಿ, ತಮಿಳುನಾಡಿನ ಮಂಡಪಂನಲ್ಲಿ ಹಲವು ಜಾತಿಯ ಕ್ಲೌನ್ ಮೀನುಗಳ ಮರಿ ಮಾಡಿಸಿದ್ದಾರೆ. ಹ್ಯಾಚರಿ ಮರಿ ಅಂತ ಕೇಳಿ ತೆಗೆದುಕೊಳ್ಳಿ. ಹೊಸ ಗೌಡ ಹ್ಯಾಚರಿಯವನೇ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಬಂದ, ಬೆಳಿಗ್ಗೆ ಊಟಕ್ಕೆ ಬಾಯಿ ತೆರೆದ.

ಕಡಲು ಬಿಸಿಯಾದರೆ ಇವುಗಳ ಗತಿ?

ನೀರು ಹೆಚ್ಚು ದಿನ ಬಿಸಿಯಾದರೆ ಹವಳದ ಹಾಗೆ ಅನಿಮೋನ್ ಕೂಡ ತನ್ನೊಳಗಿನ ಪಾಚಿ ಕಳೆದುಕೊಂಡು ಬೆಳ್ಳಗಾಗುತ್ತದೆ. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಹೀಗೆ ಬೆಳ್ಳಗಾದವು. ಬೆಳ್ಳಗಾದ ಅನಿಮೋನ್‌ನಲ್ಲಿರುವ ಮೀನುಗಳು ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. 2023ರಲ್ಲಿ ಪಾಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ಬಿಸಿನೀರಿನ ಅಲೆ ಬಂದಾಗ ಸಂಶೋಧಕರು ತಿಂಗಳು ತಿಂಗಳು ಮೀನಿನ ಉದ್ದ ಅಳೆದರು. ಮೀನುಗಳು ಗಿಡ್ಡವಾಗಿದ್ದವು! ಸೊರಗಿದ್ದಲ್ಲ, ಉದ್ದವೇ ಕಡಿಮೆ. ಹಾಗೆ ಗಿಡ್ಡವಾದವು ಆ ಬಿಸಿಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚಿತ್ತು. ಮೊದಲು ಓದಿದಾಗ ನಾನೂ ನಂಬಲಿಲ್ಲ. ಆಮೇಲೆ ನಮ್ಮ ಗೌಡ ವರ್ಷಗಟ್ಟಲೆ ಎರಡು ಇಂಚಿಗೆ ನಿಂತದ್ದು ನೆನಪಾಯಿತು.

ಮೊಟ್ಟೆ ಹೇಗೆ ಇಡುತ್ತದೆ? ಮರಿ ಆದವಾ?

ಮೊಟ್ಟೆಯ ಹಿಂದಿನ ದಿನ ಇಬ್ಬರೂ ಕುಡಿಕೆಯ ಒಂದು ಬದಿಯನ್ನು ಬಾಯಿಂದ ತಿಕ್ಕಿ ತೊಳೆಯುತ್ತಾರೆ. ಹಬ್ಬಕ್ಕೆ ಮನೆ ಸಾರಿಸಿದ ಹಾಗೆ. ಕಡಲಲ್ಲಾದರೆ ಅನಿಮೋನ್‌ನ ಬುಡದ ಪಕ್ಕದ ಕಲ್ಲು. ಅವಳು ಸಾಲುಸಾಲಾಗಿ ಅಂಟಿಸುತ್ತಾ ಹೋಗುತ್ತಾಳೆ, ಅವನು ಹಿಂದೆಯೇ ಬರುತ್ತಾನೆ. ನೂರಾರು ಮೊಟ್ಟೆ, ಮೊದಲ ದಿನ ಕಿತ್ತಳೆ ಬಣ್ಣ. ಅಲ್ಲಿಂದ ಕೆಲಸವೆಲ್ಲ ಗಂಡಿನದ್ದು. ರೆಕ್ಕೆಯಿಂದ ಗಾಳಿ ಬೀಸುತ್ತಾನೆ, ಕೆಟ್ಟ ಮೊಟ್ಟೆ ಆರಿಸಿ ತಿನ್ನುತ್ತಾನೆ. ಅವಳು ಕಾವಲು. ದಿನ ಕಳೆದಂತೆ ಮೊಟ್ಟೆ ಕಪ್ಪಾಗಿ, ಒಳಗೆ ಬೆಳ್ಳಿಯ ಚುಕ್ಕೆಯಂಥ ಕಣ್ಣು ಕಾಣುತ್ತವೆ. ಏಳೆಂಟು ದಿನಕ್ಕೆ, ಕತ್ತಲಾದ ಮೇಲೆ ಒಡೆಯುತ್ತವೆ.

ನಮ್ಮಲ್ಲಿ ಮೊದಲು ಒಡೆಯುತ್ತಲೇ ಇರಲಿಲ್ಲ. ಹಳೆಯ ಗೌಡ್ತಿಯ ಎರಡು ಸಲದ್ದೂ ಹೋದವು, ಹೊಸ ಗೌಡ್ತಿಯ ಮೊದಲನೆಯದೂ ಹೋಯಿತು. ಕಣ್ಣು ಮೂಡಿದ ಮೊಟ್ಟೆ ಹಾಗೇ ಸಾಯುತ್ತಿದ್ದವು. ನೀರು ಪರೀಕ್ಷೆ ಮಾಡಿದೆ, ಊಟ ಬದಲಿಸಿದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ಗೆಳೆಯನಿಗೆ ಫೋನ್ ಮಾಡಿದರೆ ಅವನು ಕೇಳಿದ ಮೊದಲ ಪ್ರಶ್ನೆ, ‘ರಾತ್ರಿ ಪಡಸಾಲೆಯಲ್ಲಿ ಲೈಟ್ ಇರುತ್ತದಾ?’ ಇರುತ್ತದೆ. ಅವ್ವ ರಾತ್ರಿ ಏಳುತ್ತಾರೆ ಅಂತ ಝೀರೋ ಬಲ್ಬು ಬೆಳಗಿನವರೆಗೆ ಉರಿಯುತ್ತದೆ. ರಾತ್ರಿಯಿಡೀ ಬೆಳಕಿದ್ದರೆ ಈ ಮೊಟ್ಟೆಗಳು ಒಡೆಯುವುದೇ ಇಲ್ಲ ಅಂತ 2019ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರಂತೆ, ಅದೂ ಒಸೆಲ್ಲಾರಿಸ್ ಮೇಲೆ. ಅವರ ಪ್ರಯೋಗದಲ್ಲಿ ಒಂದೇ ಒಂದು ಮೊಟ್ಟೆ ಒಡೆಯಲಿಲ್ಲ. ಹವಳದ ದಿಬ್ಬದ ಪಕ್ಕ ರೆಸಾರ್ಟ್ ದೀಪಗಳು ಎಷ್ಟು ಕಡೆ ಉರಿಯುತ್ತವೋ.

ಮುಂದಿನ ಸಲ ಅವ್ವನ ಕೈಗೆ ಟಾರ್ಚ್ ಕೊಟ್ಟೆ. ಎಂಟನೇ ರಾತ್ರಿ ಊಟ ಮುಗಿಸಿ ನೋಡಿದರೆ ನೀರಿನ ತುಂಬ ನಾಲ್ಕು ಮಿಲಿಮೀಟರಿನ ದಾರದ ತುಂಡುಗಳು. ಕಡಲಲ್ಲಾದರೆ ಇವು ಹತ್ತು ಹನ್ನೆರಡು ದಿನ ಅಲೆಯ ಜೊತೆ ತಿರುಗಾಡಿ, ಆಮೇಲೆ ವಾಸನೆ ಹಿಡಿದು ಅನಿಮೋನ್ ಹುಡುಕುತ್ತವೆ. ಅದೇ ಕಿಂಬೆ ಕೊಲ್ಲಿಯ ಕಿಂಬೆ ದ್ವೀಪದಲ್ಲಿ ನೆಲೆಸಿದ ಮರಿಗಳಲ್ಲಿ ನೂರಕ್ಕೆ ಸುಮಾರು 60 ಅಷ್ಟು ತಿರುಗಿ ತಾವು ಹುಟ್ಟಿದ ದಿಬ್ಬಕ್ಕೇ ವಾಪಸು ಬಂದವು ಅಂತ 2007ರಲ್ಲಿ ಬರೆದಿದ್ದಾರೆ. ಆದರೆ ನಮ್ಮ ಮರಿಗಳು ನಾಲ್ಕು ದಿನ ದಾಟಲಿಲ್ಲ. ಬಾಯಿಗೆ ಹಿಡಿಸುವ ಊಟ ನನ್ನ ಹತ್ತಿರ ಇರಲಿಲ್ಲ. ಅದಕ್ಕೆ ರೋಟಿಫರ್ ಎಂಬ, ಕಣ್ಣಿಗೆ ಧೂಳಿನಂತೆ ಕಾಣುವ ಜೀವಿ ಬೇಕು. ರೋಟಿಫರ್ ಸಾಕಲು ಹಸಿರು ಪಾಚಿಯ ನೀರು ಬೇಕು. ಮೀನಿಗಾಗಿ ಹುಳ, ಹುಳಕ್ಕಾಗಿ ಪಾಚಿ. ಮನೆಯ ಮಾಳಿಗೆ ಈಗ ಹಸಿರು ಬಾಟಲಿಗಳ ಅಂಗಡಿಯಾಗಿದೆ.

ಮೂರನೇ ಸಲಕ್ಕೆ ಹನ್ನೊಂದು ಉಳಿದವು. ಎರಡನೇ ವಾರ ಮುಗಿಯುವ ಹೊತ್ತಿಗೆ ತಲೆಯ ಹಿಂದೆ ಮೊದಲ ಬಿಳಿ ಪಟ್ಟೆ. ಈಗ ಎಲ್ಲಕ್ಕೂ ಎರಡು ಪಟ್ಟೆ ಇವೆ. ಒಂದಕ್ಕೆ ಎರಡನೆಯದು ಅರ್ಧಕ್ಕೇ ನಿಂತಿದೆ.

ಹಾಗಾದರೆ ಒಂದು ಮರಿ ನಮಗೆ ಕೊಡ್ತೀರಾ?

ಕೊಡುತ್ತೇನೆ, ದುಡ್ಡು ಬೇಡ. ಆದರೆ ಮೊದಲು ಟ್ಯಾಂಕಿಗೆ ಉಪ್ಪುನೀರು ತುಂಬಿ, ಮೀನು ಹಾಕದೆ ಆರು ವಾರ ಓಡಿಸಬೇಕು. ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ, ಫಿಲ್ಟರಿನಲ್ಲಿ ನೆಲೆಸಲು ಅಷ್ಟು ದಿನ ಹಿಡಿಯುತ್ತದೆ. ಅವು ಹಸಿವಿನಿಂದ ಸಾಯಬಾರದು ಅಂತ ದಿನಾ ಒಂದು ಚಿಟಿಕೆ ಮೀನಾಹಾರ ಹಾಕಬೇಕು. ಕೊನೆಗೆ ನೀರಿನ ಪರೀಕ್ಷೆಯಲ್ಲಿ ಅಮೋನಿಯಾ, ಅದು ಅರಗುವಾಗ ನಡುವೆ ಬರುವ ನೈಟ್ರೈಟ್, ಎರಡೂ ಸೊನ್ನೆ ಬಂದ ಫೋಟೋ ತೋರಿಸಬೇಕು. ಇನ್ವರ್ಟರ್ ಲೈನಿನ ಫೋಟೋ ಕೂಡ.

ಇಷ್ಟು ಹೇಳಿದ ಮೇಲೆ ಹತ್ತರಲ್ಲಿ ಒಂಬತ್ತು ಮಂದಿ ‘ನೋಡೋಣ್ರಿ’ ಅಂದು ಚಪ್ಪಲಿ ಹಾಕಿಕೊಳ್ಳುತ್ತಾರೆ. ಗದಗಿನ ಬೆಟಗೇರಿಯಿಂದ ಬಂದಿದ್ದ ಒಬ್ಬ ಅಕ್ಕ ಮಾತ್ರ ಖಾಲಿ ನೀರಿಗೆ ದಿನಾ ಊಟ ಹಾಕುತ್ತಿದ್ದಾರೆ. ಮನೆಯವರು ನಗುತ್ತಾರಂತೆ. ಇದು ಐದನೇ ವಾರ. ನಿನ್ನೆ ನೈಟ್ರೈಟ್ ಇನ್ನೂ 0.25 ಇತ್ತು.